ಸಾಮೂಹಿಕ ಯಾತ್ರೆಯ ಗಳಿಕೆ

ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬವು ಸೆಪ್ಟೆಂಬರ್ 8ರಂದು. ಅದನ್ನು ಅನುಸರಿಸಿ ಬರುವ ಭಾನುವಾರದಿಂದ ಬಾಂದ್ರಾದ ಮೌಂಟ್ ಮೇರಿ ಬೆಟ್ಟದಲ್ಲಿ ಎಂಟು ದಿನಗಳ ಜಾತ್ರೆ ನೆರೆಯುವುದನ್ನು ಮುಂಬಯಿಯ ಕನ್ನಡಿಗರೆಲ್ಲರೂ ಬಲ್ಲರು. ಮತಭೇದವೆಣಿಸದೆ ಅಲ್ಲಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬಂದವರು ನಮ್ಮ ಸಂಘದಲ್ಲಿಯೂ ಅನೇಕರಿದ್ದಾರೆ. ಆ ದಿನಗಳಲ್ಲೊಂದು ದಿನ ನಾವು ಮೂವತ್ತು ನಲವತ್ತು ಮಂದಿ ಬೆಳಗಿನ ಜಾವ ನಾಲ್ಕು ಗಂಟೆಗೆ ಅಂಧೇರಿಯಲ್ಲಿ ಕೂಡಿ, ಸ್ವಾಮಿ ವಿವೇಕಾನಂದ ರಸ್ತೆಯನ್ನು ಹಿಡಿದು, ಸುಮಾರು 10 ಕಿಲೋಮೀಟರು ನಡೆದು ಬೆಟ್ಟವನ್ನು ಸೇರುವುದು ರೂಢಿಯಾಗಿದೆ.

ಇದನ್ನು ಕೇಳಿದ ಬ್ಯಾಂಕಿನ ಮಿತ್ರರೊಬ್ಬರು, ಅವರೂ ನಮ್ಮ ಜಿಲ್ಲೆಯವರೇ, ಒಮ್ಮೆ ನಕ್ಕು ಹೇಳಿದರು: "ಅಲ್ಲ ಮಾರಾಯರೇ, ಲೋಕಲ್ ಹತ್ತಿದರೆ ಕಾಲು ಗಂಟೆಯಲ್ಲಿ ಬಾಂದ್ರಾ. ದೇವರು ನಿಮ್ಮ ಮನೆಯಲ್ಲಿಲ್ಲವೇ? ಇಷ್ಟು ಜನರನ್ನು ಕಟ್ಟಿಕೊಂಡು ನಡೆದರೆ ನಿಮಗೆ ಹೆಚ್ಚಿಗೆ ಸಿಗುವುದಾದರೂ ಏನು?"

ವಾಣಿಜ್ಯಶಾಸ್ತ್ರ ಓದಿದವನಿಗೆ ಲಾಭ ನಷ್ಟದ ಪ್ರಶ್ನೆ ಹಾಕಿದರೆ ಅವನು ಉತ್ತರಿಸಲೇಬೇಕು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆಯೆಂದು ಭಾವಿಸಿದ್ದೇನೆ.

ನನ್ನ ಊರು ಕಾರ್ಕಳದ ಕಡೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು. 2019ರಲ್ಲಿ, ನನ್ನೊಡನೆ ಇಲ್ಲಿಯೇ ಇದ್ದ ತಾಯಿಯವರಿಗೆ ಪಾರ್ಶ್ವವಾಯು ತಗಲಿ ಬಲಗಾಲು ಸ್ವಾಧೀನ ತಪ್ಪಿತು. ಅವರು ಎದ್ದು ನಡೆದರೆ ಬರಿಗಾಲಿನಲ್ಲಿ ಬೆಟ್ಟ ಹತ್ತುವೆನೆಂದು ಹರಕೆ ಹೊತ್ತೆ. ಜಾತ್ರೆಯಲ್ಲಿ ಕೈ, ಕಾಲು, ಹೃದಯ, ಮನೆ ಹೀಗೆ ನಾನಾ ಆಕಾರದ ಮೇಣದ ಹರಕೆಗಳನ್ನು ಮಾರುವುದನ್ನು ನೀವು ಕಂಡಿರಬಹುದು. ಆ ವರ್ಷ ಮೇಣದ ಕಾಲೊಂದನ್ನು ಕೊಂಡು ಅರ್ಪಿಸಿಯೂ ಬಂದೆ. ಈಗ ಯೋಚಿಸಿದರೆ ಅದು ನಾನು ದೇವರೊಡನೆ ಮಾಡಿಕೊಂಡ ಒಂದು ಕರಾರು. ಸಾಲಕ್ಕೆ ಮನೆಯ ಪತ್ರವನ್ನು ಅಡವಿಡುವಂತೆ ನಾನು ಬರಿಗಾಲನ್ನು ಅಡವಿಟ್ಟಿದ್ದೆ.

ತಾಯಿ ಎದ್ದು ನಡೆಯಲಿಲ್ಲ. 2021ರ ಏಪ್ರಿಲಿನಲ್ಲಿ ತೀರಿಕೊಂಡರು. ಸಾಂಕ್ರಾಮಿಕದ ನಿರ್ಬಂಧಗಳ ಕಾಲವದು. ಊರಿನಲ್ಲಾಗಿದ್ದರೆ ವಾಳೆಯ ಅಷ್ಟೂ ಮಂದಿ, ನೆರೆಯ ಹಿಂದೂ ಮನೆಗಳವರೂ ಸೇರಿ, ಶವದ ಹಿಂದೆ ನಡೆಯುತ್ತಿದ್ದರು. ಇಲ್ಲಿ ಅವರನ್ನು ಮಣ್ಣಿಗಿಟ್ಟಾಗ ನಾವು ಆರೇ ಜನ.

2020 ಮತ್ತು 2021ರಲ್ಲಿ ಜಾತ್ರೆ ನೆರೆಯಲಿಲ್ಲ. 2022ರಲ್ಲಿ ಅದು ಮರಳಿ ಆರಂಭವಾದಾಗ ನಮ್ಮ ಗುಂಪಿನ ಹಿರಿಯರೊಬ್ಬರು ಮನೆಗೆ ಬಂದು ಕರೆದರು. ಬರಲಾರೆನೆಂದೆ. ಫಲಿಸದ ಹರಕೆಯನ್ನು ತೀರಿಸುವುದೆಂತು? ಸತ್ಯವನ್ನು ಹೇಳುವುದಾದರೆ ನನಗೆ ಮಾತೆಯ ಮೇಲೆ ಮುನಿಸಿತ್ತು. ಹಿರಿಯರು ವಾದ ಹೂಡಲಿಲ್ಲ. "ಪ್ರಾರ್ಥನೆಗೆ ಬರಬೇಡಿ. ಸಾಲಿನ ಕೊನೆಯಲ್ಲಿ ಕೆಂಪು ದೀಪ ಹಿಡಿದು ನಡೆಯಲು ಒಬ್ಬರು ಬೇಕು. ಹಿಂದಿನಿಂದ ವಾಹನಗಳು ಬರುತ್ತವಲ್ಲ, ಅಷ್ಟಕ್ಕೆ ಬನ್ನಿ" ಎಂದರು.

ಹೀಗೆ ದೀಪ ಹಿಡಿದು ಹೊರಟೆ. ಕೊನೆಯಲ್ಲಿ ನಡೆಯುವವನು ನಿಧಾನವಾಗಿ ನಡೆಯುವವರ ಜೊತೆಗೇ ನಡೆಯಬೇಕಾಗುತ್ತದೆ. ಅಲ್ಲಿ ಮೊಣಕಾಲು ಬಾತಿದ್ದ ಒಬ್ಬ ವೃದ್ಧೆ ಇದ್ದರು. ತಮ್ಮ ಕಾಲಿಗಾಗಿ ಬಂದಿರಬಹುದೆಂದುಕೊಂಡೆ. ಪಕ್ಕದ ಮನೆಯ ಮಗುವಿಗೆ ಮಾತು ಬರಲಿಲ್ಲವೆಂದು ಬಂದಿದ್ದರು. ಹೋಟೆಲ್ ಕೆಲಸದ ಕುಂದಾಪುರದ ಹುಡುಗನೊಬ್ಬ, ಹಿಂದೂ, ಮಾಹೀಮಿನ ಬುಧವಾರದ ನವೇನಾಕ್ಕೂ ತಪ್ಪದೆ ಹೋಗುವವನು, ರಾತ್ರಿ ಒಂದು ಗಂಟೆಗೆ ಕೆಲಸ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದ. ಜಪಸರದ ಪ್ರತಿಯೊಂದು ರಹಸ್ಯಕ್ಕೆ ಮುನ್ನ ಯಾರಾದರೂ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳುವುದು ನಮ್ಮ ಗುಂಪಿನ ಪದ್ಧತಿ. ಕುಡಿಯುವ ಗಂಡ, ಕೆಲಸ ಕಳೆದುಕೊಂಡ ಮಗ, ಬಿಲ್ಡರನು ಕೆಡವಿ ಇನ್ನೂ ಕಟ್ಟಿಕೊಡದ ಮನೆ, ಒಂದೊಂದಾಗಿ ಕತ್ತಲಲ್ಲಿ ಕೇಳಿಬಂದವು. ಕಟ್ಟಡದ ಲಿಫ್ಟಿನಲ್ಲಿ ಹತ್ತು ವರ್ಷ ಜೊತೆಯಾಗಿ ಇಳಿದವರ ಕಷ್ಟವೂ ನನಗೆ ಅಷ್ಟು ತಿಳಿದಿರಲಿಲ್ಲ.

ಸಾಂತಾಕ್ರೂಜ್ ದಾಟುವಾಗ ಹಿರಿಯರು ಹಿಂದಿರುಗಿ ನನ್ನನ್ನು ನೋಡಿದರು. ಕೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ತಾಯಿಯ ಹೆಸರನ್ನಷ್ಟೇ ಹೇಳಿದೆ. ಅವರ ಮುಖವನ್ನೂ ಕಾಣದ ಮೂವತ್ತೈದು ಮಂದಿ, ಕೊಂಕಣಿಯಲ್ಲಿ, ಮರಾಠಿಯಲ್ಲಿ, ನನ್ನ ಪಕ್ಕದಲ್ಲಿದ್ದ ಆ ಹುಡುಗನು ತನಗೆ ತಿಳಿದ ಕನ್ನಡದಲ್ಲಿ, ಅವರಿಗಾಗಿ ಪ್ರಾರ್ಥಿಸುತ್ತ ಖಾರ್‌ವರೆಗೆ ನಡೆದರು. ಒಂದೂವರೆ ವರ್ಷ ತಡವಾಗಿಯಾದರೂ ನನ್ನ ತಾಯಿಯ ಶವಯಾತ್ರೆ ನಡೆಯಿತೆಂದು ನನಗನ್ನಿಸಿತು. ಲೋಕಲಿನಲ್ಲಿ ಒಬ್ಬನೇ ಹೋಗಿದ್ದರೆ ಇದು ದೊರೆಯುತ್ತಿತ್ತೇ ಎಂದು ನನ್ನ ಮಿತ್ರರನ್ನು ಕೇಳುತ್ತೇನೆ.

ಇಲ್ಲಿ ನಮ್ಮೂರ ಅತ್ತೂರಿನ ಮಾತು ಬರುತ್ತದೆ. 2016ರಲ್ಲಿ ಬಸಿಲಿಕಾ ಪದವಿ ಪಡೆದ ಆ ದೇವಾಲಯದ ಸಂತ ಲಾರೆನ್ಸರು ಕ್ರಿ.ಶ. 258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಧರ್ಮಸೇವಕರು. ಧರ್ಮಸಭೆಯ ಬೊಕ್ಕಸ ಅವರ ವಶದಲ್ಲಿತ್ತು. ಎಂದರೆ ಒಂದು ಬಗೆಯಲ್ಲಿ ನನ್ನ ವೃತ್ತಿಬಾಂಧವರು. ನಿಧಿಯನ್ನು ಒಪ್ಪಿಸೆಂದು ನಗರಾಧಿಕಾರಿ ಆಜ್ಞಾಪಿಸಿದಾಗ ಇದ್ದುದೆಲ್ಲವನ್ನೂ ಹಂಚಿಬಿಟ್ಟು, ಕುಂಟರು, ಕುರುಡರು, ಬಡವರನ್ನು ಸಾಲಾಗಿ ನಿಲ್ಲಿಸಿ ನಿಧಿ ಇದೇ ಎಂದರೆಂದು ಪರಂಪರೆ ಹೇಳುತ್ತದೆ. ಜನವರಿಯ ಅತ್ತೂರು ಜಾತ್ರೆಗೆ ತಾಯಿಯ ಕೈ ಹಿಡಿದು ಹೋಗುತ್ತಿದ್ದಾಗ ಈ ಕಥೆಯನ್ನು ಎಷ್ಟು ಸಲ ಕೇಳಿದ್ದೆನೋ! ಸಾಲಿನ ಕೊನೆಯಲ್ಲಿ ದೀಪ ಹಿಡಿದು ನಡೆದ ಮೇಲೆ ಅದು ತಲೆಗೆ ಹೋಯಿತು. ಯಾವ ಅಢಾವೆ ಪತ್ರಿಕೆಯೂ ಆ ಸಾಲನ್ನು ಆಸ್ತಿಯ ಕಡೆಗೆ ಬರೆಯುವುದಿಲ್ಲ.

ಆದರೆ ಗುಂಪು ಕೂಡಿದ ಮಾತ್ರಕ್ಕೆ ಯಾತ್ರೆಯಾಗುವುದೆಂದು ನಾನು ಹೇಳಲಾರೆ. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವನ್ನು ಹತ್ತು ವರ್ಷಕ್ಕೊಮ್ಮೆ ಹಳೆಗೋವೆಯಲ್ಲಿ ದರ್ಶನಕ್ಕಿಡುತ್ತಾರೆ. 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ದರ್ಶನಕ್ಕೆ ನಾನು ಹವಾನಿಯಂತ್ರಿತ ಬಸ್ಸಿನಲ್ಲಿ ಹೋಗಿದ್ದೆ. ದಾರಿಯುದ್ದಕ್ಕೂ ಚಲನಚಿತ್ರ, ದರ್ಶನಕ್ಕಿಂತ ಹೆಚ್ಚು ಹೊತ್ತು ಗೋಡಂಬಿಯ ಅಂಗಡಿಯಲ್ಲಿ. ನಡೆಯಲಾರದ ಇಬ್ಬರು ಹಿರಿಯರು ಬಸ್ಸಿನಲ್ಲಿಯೇ ಕುಳಿತಿದ್ದರು. ಮರಳಿ ಬಂದಾಗ ನನ್ನ ಪಕ್ಕದ ಆಸನದವರ ಹೆಸರೂ ನನಗೆ ತಿಳಿದಿರಲಿಲ್ಲ. ತಪ್ಪು ಬಸ್ಸಿನದಲ್ಲ, ನಾನೂ ಕೇಳಲಿಲ್ಲ. ಆಳಂದಿಯಿಂದ ಪಂಢರಪುರಕ್ಕೆ ದಿಂಡಿ ದಿಂಡಿಯಾಗಿ ಸಾಗುವ ವಾರಕರಿಗಳಿಂದ ನಮ್ಮ ಯಾತ್ರಾ ಸಂಚಾಲಕರು ಕಲಿಯುವುದು ಬಹಳವಿದೆ.

ಇನ್ನೊಂದು ಮಾತು. ಇದೇ ಸಂಚಿಕೆಯಲ್ಲಿ ವೈದ್ಯರ ಲೇಖನಗಳಿರುವಾಗ ನಾನು ಅವರ ಕ್ಷೇತ್ರಕ್ಕೆ ಕಾಲಿಡಬಾರದು. ಆದರೂ ಬರಿಗಾಲಿನ ಹರಕೆ ಹೊರುವವರು, ವಿಶೇಷವಾಗಿ ಸಕ್ಕರೆ ಕಾಯಿಲೆಯವರು, ಎರಡು ಸಲ ಯೋಚಿಸಲಿ. ಮರಗಟ್ಟಿದ ಪಾದಕ್ಕೆ ಗಾಜು ಚುಚ್ಚಿದ್ದೂ ತಿಳಿಯುವುದಿಲ್ಲ, ಗಾಯ ಬೇಗನೆ ಮಾಯುವುದೂ ಇಲ್ಲ. ನನ್ನ ಬರಿಗಾಲಿನ ಹರಕೆ ಇಂದಿಗೂ ತೀರದೆಯೇ ಉಳಿದಿದೆ. ಅದರ ಬಗ್ಗೆ ಮಾತೆಯವರು ಈವರೆಗೆ ನನಗೆ ನೋಟೀಸು ಕಳುಹಿಸಿಲ್ಲ.

ಕೆಂಪು ದೀಪ ಈಗ ನಮ್ಮ ಮನೆಯಲ್ಲಿಯೇ ಇರುತ್ತದೆ. ಪ್ರತಿ ಆಗಸ್ಟಿನಲ್ಲಿ ಹೊಸ ಬ್ಯಾಟರಿ ಹಾಕಿಡುತ್ತೇನೆ. ನಮ್ಮೊಡನೆ ಬರಲಿಚ್ಛಿಸುವ ಸಂಘದ ಸದಸ್ಯರು, ಯಾವ ಮತದವರೇ ಆಗಿರಲಿ, ನನಗೆ ಮೊದಲೇ ತಿಳಿಸಬೇಕಾಗಿ ವಿನಂತಿ. ಚಪ್ಪಲಿ ಹಾಕಿಕೊಂಡೇ ಬನ್ನಿ, ಕುಡಿಯಲು ನೀರಿರಲಿ. ನಿಧಾನವಾಗಿ ನಡೆಯುವವರು ಸಂಕೋಚಪಡಬೇಕಾಗಿಲ್ಲ, ನಿಮ್ಮ ಹಿಂದೆ ನಾನಿರುತ್ತೇನೆ.