ಕ್ಯಾಮೆರಾಕ್ಕೆ ರಜೆ, ಕಣ್ಣಿಗೆ ಕೆಲಸ

ಮೆಲ್ಬರ್ನ್ ನೋಡಲು ಹೊರಟ ವಿದ್ಯಾರ್ಥಿ ತಂಡಕ್ಕೆ ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಗುರುತು ಇಲ್ಲ. ಅದರ ಹೆಬ್ಬಾಗಿಲ ಮೇಲೆ ಸಾಲಾಗಿ ಗಡಿಯಾರಗಳಿವೆ. ‘ಗಡಿಯಾರಗಳ ಕೆಳಗೆ ಸಿಗೋಣ’ ಎಂಬುದು ಆ ಊರಿನವರ ಹಳೆಯ ಮಾತು. ಗುಂಪಿನಿಂದ ತಪ್ಪಿಸಿಕೊಂಡ ಹುಡುಗರೂ ಅಲ್ಲಿಗೇ ಬಂದು ನಿಂತರಾಯಿತು.

ನಗರದ ನಡುಭಾಗದಲ್ಲಿ ಟ್ರಾಮ್ ಪ್ರಯಾಣ ಉಚಿತ. ಯಾರಾ ನದಿಯ ದಡ ಹಿಡಿದು ನಡೆದರೆ ಪ್ರಸಿದ್ಧ ಕ್ರಿಕೆಟ್ ಮೈದಾನ ಸಿಗುತ್ತದೆ. 1977ರ ಡಿಸೆಂಬರ್ ಕೊನೆಗೆ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನ್ನಿಂಗ್ಸ್‌ಗಳಲ್ಲಿ ತಲಾ 6 ವಿಕೆಟ್ ಕಿತ್ತದ್ದು ಇಲ್ಲಿಯೇ. ಆಸ್ಟ್ರೇಲಿಯಾ ನೆಲದಲ್ಲಿ ಭಾರತಕ್ಕೆ ಅದು ಮೊದಲ ಟೆಸ್ಟ್ ಗೆಲುವು.

ಮೃಗಾಲಯ 1862ರದು, ಆ ದೇಶದಲ್ಲೇ ಅತ್ಯಂತ ಹಳೆಯದು. ಮರದ ಕವಲಿನಲ್ಲಿ ನಿದ್ದೆ ಹೊಡೆಯುವ ಕೋಲಾವನ್ನು ಕಂಡ ಮಕ್ಕಳಿಗೆ ಎತ್ತಿಕೊಳ್ಳುವ ಆಸೆ. ಆದರೆ ವಿಕ್ಟೋರಿಯಾ ರಾಜ್ಯದಲ್ಲಿ ಪ್ರವಾಸಿಗರು ಕೋಲಾವನ್ನು ಎತ್ತಿಕೊಳ್ಳುವಂತಿಲ್ಲ. ದೂರದಿಂದಲೇ ನೋಡಿ ಸಂತೋಷಪಡಬೇಕು.

ಈ ಪಾಠ ಪೂರ್ಣವಾಗುವುದು ಫಿಲಿಪ್ ದ್ವೀಪದಲ್ಲಿ. ನಗರದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಸೂರ್ಯ ಮುಳುಗಿ ಕತ್ತಲಾವರಿಸುತ್ತಿದ್ದಂತೆ ಅಲೆಗಳ ನೊರೆಯಿಂದ ಪುಟ್ಟ ಪೆಂಗ್ವಿನ್‌ಗಳು ಮೇಲೇಳುತ್ತವೆ. ಎತ್ತರ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, ತೂಕ ಸುಮಾರು ಒಂದು ಕಿಲೋ. ಹಿಡಿದು ತಿನ್ನುವ ಪ್ರಾಣಿಪಕ್ಷಿಗಳ ಭಯದಿಂದ ಒಂಟಿಯಾಗಿ ಬಾರದೆ, ಗುಂಪು ಕಟ್ಟಿಕೊಂಡು ಓಲಾಡುತ್ತಾ ಬಿಲಗಳತ್ತ ನಡೆಯುತ್ತವೆ.

ಮಕ್ಕಳ ಕೈ ಕ್ಯಾಮೆರಾ ಇಲ್ಲವೇ ಮೊಬೈಲ್ ಹುಡುಕುತ್ತದೆ. ಆದರೆ ಅಲ್ಲಿ ಫೋಟೊ ತೆಗೆಯುವುದಕ್ಕೇ ನಿಷೇಧ! ಫ್ಲ್ಯಾಶ್ ಬೆಳಕಿಗೆ ಹಕ್ಕಿಗಳು ಬೆದರಿ ದಿಕ್ಕು ತಪ್ಪುತ್ತವೆ. ‘ಇಷ್ಟು ದೂರ ಬಂದು ಒಂದೂ ಫೋಟೊ ಇಲ್ಲವೇ?’ ಎಂದು ಮುಖ ಊದಿಸಿಕೊಂಡವರು ಆ ಜಾಗದ ಕಥೆ ಕೇಳಬೇಕು.

ಒಂದು ಕಾಲಕ್ಕೆ ಪೆಂಗ್ವಿನ್‌ಗಳ ಈ ನೆಲೆಯಲ್ಲೇ ಮನೆಗಳ ಬಡಾವಣೆ ಇತ್ತು. ಕಾರು, ನಾಯಿ, ನರಿಗಳ ಹಾವಳಿಯಿಂದ ಹಕ್ಕಿಗಳ ಸಂಖ್ಯೆ ಕುಸಿಯಿತು. ಹೀಗೇ ಬಿಟ್ಟರೆ ಅವು ಅಲ್ಲಿ ಅಳಿದೇಹೋದಾವು ಎಂದು ತಜ್ಞರು ಎಚ್ಚರಿಸಿದರು. 1985ರಲ್ಲಿ ರಾಜ್ಯ ಸರ್ಕಾರ ಇಡೀ ಬಡಾವಣೆಯನ್ನು ಕೊಂಡುಕೊಳ್ಳಲು ತೀರ್ಮಾನಿಸಿತು. ಕಡಲಿಗೆ ಮುಖಮಾಡಿದ ಸ್ವಂತ ಮನೆ ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಕೆಲಸ ಮುಗಿಯುವ ಹೊತ್ತಿಗೆ 2010 ಬಂತು. ಮನೆಗಳಿದ್ದ ಕಡೆ ಇಂದು ಹುಲ್ಲು, ಪೊದೆ, ಬಿಲಗಳು. 2017ರಲ್ಲಿ ದ್ವೀಪವು ನರಿಮುಕ್ತವೆಂದು ಘೋಷಿತವಾಯಿತು.

ಮನುಷ್ಯರು ಮನೆಯನ್ನೇ ಬಿಟ್ಟುಕೊಟ್ಟ ಕಡೆ ಒಂದು ಫೋಟೊ ಬಿಟ್ಟುಕೊಡುವುದು ದೊಡ್ಡದೇ?

ಹೊರಡುವಾಗ ಇನ್ನೊಂದು ಕೆಲಸವಿದೆ. ವಾಹನ ಚಾಲೂ ಮಾಡುವ ಮೊದಲು ಅದರ ಅಡಿಯಲ್ಲಿ ಪೆಂಗ್ವಿನ್ ಸೇರಿಕೊಂಡಿದೆಯೇ ಎಂದು ಬಗ್ಗಿ ನೋಡಬೇಕೆಂಬ ಸೂಚನೆ ಅಲ್ಲಿದೆ. ಮುಖ ಊದಿಸಿಕೊಂಡಿದ್ದ ಹುಡುಗರೇ ಮೊದಲು ಮಂಡಿಯೂರುತ್ತಾರೆ.

ಊರಿಗೆ ಮರಳಿದ ಮಕ್ಕಳ ಬಳಿ ಪೆಂಗ್ವಿನ್ ಮೆರವಣಿಗೆಯ ಚಿತ್ರ ಇರುವುದಿಲ್ಲ. ತಂದೆತಾಯಂದಿರು ‘ಫೋಟೊ ಎಲ್ಲಿ?’ ಎನ್ನುವ ಬದಲು ‘ಏನು ನೋಡಿದೆ, ಹೇಳು’ ಎಂದು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಪ್ರವಾಸದ ನಿಜವಾದ ಲಾಭ ಆಗ ತಿಳಿದೀತು.