ಹುದ್ದೆಯ ಹೆಸರಲ್ಲ, ಹೊಣೆಯ ಅಳತೆ ಮುಖ್ಯ

ಹಂಗಾಮಿನ ದಿನಗಳಲ್ಲಿ ದೋರನಹಳ್ಳಿ ಸುತ್ತಲಿನ ಹೊಲಗಳ ಹತ್ತಿ ಮಾರಾಟಕ್ಕೂ ಜಿನ್ನಿಂಗ್ ಮಿಲ್ಲುಗಳಿಗೂ ಹೊರಡುತ್ತದೆ. ತೇವಾಂಶ ಶೇ. 12 ಮೀರಿದರೆ ಭಾರತೀಯ ಹತ್ತಿ ನಿಗಮವು ಬೆಂಬಲ ಬೆಲೆಗೆ ಕೊಳ್ಳುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಮಾಲೀಕರು ಊರಲ್ಲಿಲ್ಲದ ದಿನ ಹಸಿ ಹತ್ತಿಯ ಗಾಡಿಯನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಯಾರದು?

"ಸಾಹುಕಾರರು ಬರಲಿ" ಎನ್ನುವುದೇ ಸಾಮಾನ್ಯ ಉತ್ತರ. ಅವರು ಬರುವಷ್ಟರಲ್ಲಿ ಹಸಿ ಹತ್ತಿ ಒಣ ರಾಶಿಯಲ್ಲಿ ಬೆರೆತಿರುತ್ತದೆ. ಅರಳೆಯ ಬಣ್ಣ ಕೆಡುತ್ತದೆ. ಹತ್ತಿಯೊಡನೆ ಬಂದ ಕಬ್ಬಿಣದ ಚೂರು ಯಂತ್ರದಲ್ಲಿ ಕಿಡಿಯೆಬ್ಬಿಸಿದಾಗಲೂ ಕೇಳಿ ನಿಲ್ಲಿಸೋಣವೆಂದು ಕಾದರೆ ನಷ್ಟ ಹಣಕ್ಕಷ್ಟೇ ಸೀಮಿತವಾಗದು, ಜೀವಕ್ಕೂ ಅಪಾಯ.

ಕೇಂದ್ರ ಸರ್ಕಾರವು 2013ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಅದರ 10 ಹಂತಗಳು 2023ರ ಪರಿಷ್ಕರಣೆಯಲ್ಲಿ 8 ಆದವು. ಅಲ್ಲಿ ಜ್ಞಾನ, ಕೈಚಳಕಗಳ ಜೊತೆಗೆ ಹೊಣೆಗಾರಿಕೆಯೂ ಪ್ರತ್ಯೇಕ ಮಾನದಂಡ. 2013ರ ವಿವರಣೆಯಂತೆ ಕೆಳಹಂತದವನು ನಿಕಟ ಮೇಲ್ವಿಚಾರಣೆಯಲ್ಲಿ ದುಡಿಯುವವನು. 4ನೆಯ ಹಂತದವನು ತನ್ನ ಕೆಲಸಕ್ಕೆ ತಾನೇ ಹೊಣೆ. 5ನೆಯ ಹಂತದವನು ಇತರರ ಕೆಲಸಕ್ಕೂ ಸ್ವಲ್ಪಮಟ್ಟಿಗೆ ಹೊಣೆ.

ನಮ್ಮಲ್ಲಾದರೋ ದುಡಿದ ವರ್ಷಗಳನ್ನೋ ನೆಂಟಸ್ತನವನ್ನೋ ನೋಡಿ ಬಡ್ತಿ ಕೊಡುವ ರೂಢಿಯುಂಟು. ಸೂಪರ್‌ವೈಸರ್ ಎಂಬ ಹೆಸರು ಸಿಗುತ್ತದೆ, ನಿರ್ಧಾರ ಮಾತ್ರ ಮಾಲೀಕರ ಬಳಿಯೇ ಉಳಿಯುತ್ತದೆ. ಅಧಿಕಾರವಿಲ್ಲದ ಹೊಣೆ ಬರಿಯ ಬೈಗುಳಕ್ಕೆ ದಾರಿ.

ಸಣ್ಣ ಉದ್ದಿಮೆಗೆ ಇಷ್ಟೆಲ್ಲ ಕಟ್ಟಳೆ ಏಕೆ, ನಮ್ಮದು ನಂಬಿಕೆಯ ವ್ಯವಹಾರ ಎಂಬ ಆಕ್ಷೇಪ ಸಹಜವಾದುದು. ಆದರೆ ನಂಬಿಕೆಗೂ ಗಡಿ ಗೊತ್ತಿರಬೇಕು. ಒಂದೇ ಹಾಳೆ ಸಾಕು. ಕಿಡಿ ಕಂಡ ಯಾವ ಕಾರ್ಮಿಕನಾದರೂ ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಬಹುದು. ಫಿಟ್ಟರ್ ಪರೀಕ್ಷಿಸಿ ಒಪ್ಪುವವರೆಗೆ ಅದು ಮತ್ತೆ ಓಡಕೂಡದು. ತೇವಾಂಶ ಮಿತಿ ಮೀರಿದ ಗಾಡಿಯನ್ನು ಮುನೀಮರು ತಿರಸ್ಕರಿಸಬಹುದು. ಗೊತ್ತುಪಡಿಸಿದ ಮೊತ್ತದವರೆಗಿನ ದುರಸ್ತಿಯನ್ನು ಮ್ಯಾನೇಜರ್ ತಾವೇ ಮಾಡಿಸಬಹುದು. ಇದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು, ಓದು ಬಾರದವರಿಗೆ ಓದಿ ಹೇಳಬೇಕು.

ಹಾಳೆಗಿಂತ ಕಠಿಣವಾದುದು ಮಾಲೀಕರ ನಡವಳಿಕೆ. ಸದುದ್ದೇಶದಿಂದ ಯಂತ್ರ ನಿಲ್ಲಿಸಿದವನ ಕೂಲಿಯನ್ನು ಒಮ್ಮೆ ಕಡಿದರೆ ಮುಂದೆ ಯಾರೂ ನಿಲ್ಲಿಸಲಾರರು. ನಿರ್ಧಾರ ತಪ್ಪಾಗಿದ್ದರೆ ಕಾರಣ ಕೇಳಿ ತಿದ್ದೋಣ. ಹಾಗೆ ಕಲಿತವನೇ ಮೇಲಿನ ಹಂತಕ್ಕೆ ಯೋಗ್ಯನಾಗುತ್ತಾನೆ.

ಮುಂಬರುವ ಹಂಗಾಮಿನ ಮೊದಲ ಗಾಡಿ ಬರುವ ಮುನ್ನವೇ ಸದಸ್ಯರು ತಮ್ಮ ಮಿಲ್ಲು, ಅಂಗಡಿಗಳಲ್ಲಿ ಈ ಹಾಳೆಯನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು.