ಮೊದಲು ಹಲ್ಲುಸೆಟ್ಟು ತೊಳೀರಿ ಸ್ವಾಮಿ!

ಹಲ್ಲಿನ ವಿಷಯದಲ್ಲಿ ನಂಜನಗೂಡಿನವರಿಗೆ ಪಾಠ ಹೇಳೋದು ಕಷ್ಟ. 1913ರಲ್ಲೇ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಶುರು ಮಾಡಿದ ಊರು. ಹಲ್ಲುಪುಡಿ ಅಂದರೆ ನಂಜನಗೂಡು! ಆದರೂ ಅಲ್ಲಾಗಲಿ, ಪಕ್ಕದ ತಿ. ನರಸೀಪುರದಲ್ಲಾಗಲಿ ಹಿರಿಯರ ಬಾಯಲ್ಲಿ ಬಿಳಿ ಪದರ, ಉರಿ ಅಂದರೆ ಸಿಗೋ ಸಲಹೆ ಎರಡೇ. "ಮೊಸರು ತಿನ್ನಿ", ಇಲ್ಲಾ "ಪ್ರೋಬಯಾಟಿಕ್ ಕ್ಯಾಪ್ಸೂಲ್ ತಗೊಳ್ಳಿ". ನನಗೆ ಎರಡರ ಮೇಲೂ ತಕರಾರು.

ಪ್ರೋಬಯಾಟಿಕ್ ಪೂರಾ ಬುರುಡೆ ಅಂತಲ್ಲ. 2007ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ 276 ಹಿರಿಯರು 16 ವಾರ ದಿನಾ ಚೀಸ್ ತಿಂದರು. ಬಾಯಲ್ಲಿ ಕ್ಯಾಂಡಿಡಾ ಶಿಲೀಂಧ್ರ ಹೆಚ್ಚಿದ್ದವರ ಪ್ರಮಾಣ, ಪ್ರೋಬಯಾಟಿಕ್ ಚೀಸ್ ತಿಂದವರಲ್ಲಿ ಶೇ. 30ರಿಂದ 21ಕ್ಕೆ ಇಳಿಯಿತು. ಮಾಮೂಲಿ ಚೀಸಿನವರಲ್ಲಿ 28ರಿಂದ 34ಕ್ಕೇರಿತು. ಸಂತೋಷ. ಆದರೆ ಅವು ಆರಿಸಿ ಹಾಕಿದ ಬ್ಯಾಕ್ಟೀರಿಯಾ, ನಮ್ಮನೆ ಹೆಪ್ಪಲ್ಲ. ಗುಳುಂ ಅಂತ ನುಂಗುವ ಕ್ಯಾಪ್ಸೂಲು ಬಾಯಲ್ಲಿ ನಿಲ್ಲೋದೂ ಇಲ್ಲ!

ಶಿಲೀಂಧ್ರ ಬೆಳೆಯೋದೆಲ್ಲಿ ಹೇಳಿ? ರಾತ್ರಿಯೂ ತೆಗೆಯದ ಹಲ್ಲುಸೆಟ್ಟಿನ ಅಡಿ. ಸ್ಟೀರಾಯ್ಡ್ ಇನ್‌ಹೇಲರ್ ಎಳೆದು ಮುಕ್ಕಳಿಸದ ಬಾಯಲ್ಲಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಲ್ಲಿ. ಅದನ್ನು ಬಿಟ್ಟು ಕ್ಯಾಪ್ಸೂಲಿಗೆ ದುಡ್ಡು ಸುರಿದರೆ ಲಾಭ ಯಾರಿಗೆ?

ಸೆಟ್ಟನ್ನು ಹಲ್ಲುಪುಡಿಯಲ್ಲಿ ತಿಕ್ಕಬೇಡಿ. ಗೀರು ಬಿದ್ದರೆ ಶಿಲೀಂಧ್ರಕ್ಕೆ ಅದೇ ಗೂಡು. ಮೆತ್ತನೆ ಬ್ರಷ್ಷು, ಸೋಪಿನ ನೀರು ಸಾಕು. ಚೆನ್ನಾಗಿ ತೊಳೆದು, ರಾತ್ರಿ ಶುದ್ಧ ನೀರಲ್ಲಿ ನೆನೆಹಾಕಿ. ಬಿಳಿ ಪದರ ಆಗಲೇ ಬಂದಿದ್ದರೆ ವೈದ್ಯರಿಗೆ ತೋರಿಸಿ, ಔಷಧಿ ತಗೊಳ್ಳಿ. ಮೊಸರನ್ನ ಆಮೇಲೆ ಧಾರಾಳವಾಗಿ ಉಣ್ಣಿ.

ಕಪಿಲೆ ಹರಿಯೋ ಊರು, ಕಾವೇರಿ ಸೇರೋ ಊರು... ಅಲ್ಲಿ ಬಾಯಿ ಮುಕ್ಕಳಿಸಲು ಒಂದು ಲೋಟ ನೀರಿಗೆ ಬರವೇ?